ಮೂರು ಸಿಲಿಂಡರಿನ ಸಂಸಾರ

ಬೇಲೂರು ತಾಲ್ಲೂಕಿನ ಬಿಕ್ಕೋಡಿನಲ್ಲಿ, ಆಷಾಢದ ಜಡಿಮಳೆ ಹಿಡಿದ ಒಂದು ಮುಂಜಾನೆ, ಹಳೆಯ ಮಾರುತಿ ವ್ಯಾನೊಂದು ಎಷ್ಟು ಬಾರಿ ಕೀಲಿ ತಿರುಗಿಸಿದರೂ ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿದ್ದುದನ್ನೂ, ಕೊನೆಗೆ ಮೆಕ್ಯಾನಿಕ್ ಬಂದು ಮುಂದಿನ ಸೀಟನ್ನು ಎತ್ತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಳಗಿನ ತೇವವನ್ನು ಒಣಬಟ್ಟೆಯಿಂದ ಒರೆಸಿದೊಡನೆಯೇ ಅದು ಏನೂ ನಡೆಯದಂತೆ ಗುರುಗುಟ್ಟತೊಡಗಿದುದನ್ನೂ ಕಂಡಾಗ, ಈ ಪುಟ್ಟ ಯಂತ್ರದ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆನಿಸಿತು.

1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದು 2014ರ ಆರಂಭದವರೆಗೂ ತಯಾರಾದ ಮಾರುತಿ 800 ಕಾರಿನ ಉದರದಲ್ಲಿಯೂ, ಮಲೆನಾಡಿನ ತೋಟಗಳಿಗೆ ಗೊಬ್ಬರದ ಚೀಲವನ್ನೂ ನೆಂಟರನ್ನೂ ಒಟ್ಟಿಗೇ ಹೊತ್ತ ಓಮ್ನಿಯ ಉದರದಲ್ಲಿಯೂ ಇದ್ದುದು ಜಪಾನಿನ ಸುಜುಕಿಯ ಒಂದೇ ವಂಶದ 796 ಸಿಸಿ ಎಂಜಿನು. ಸಿಲಿಂಡರುಗಳು ಮೂರು, ಒಂದೊಂದರ ವ್ಯಾಸ 68.5 ಮಿಲಿಮೀಟರು, ಪಿಸ್ಟನ್ನಿನ ಸಂಚಾರ 72 ಮಿಲಿಮೀಟರು. ಅಂದರೆ ಪ್ರತಿಯೊಂದು ಪಿಸ್ಟನ್ನೂ ಒಂದು ಸಲಕ್ಕೆ ಹೀರುವುದು ದೊಡ್ಡ ಲೋಟದ ಕಾಫಿಯಷ್ಟು ಗಾತ್ರದ, ಸುಮಾರು 265 ಸಿಸಿ, ಗಾಳಿ ಪೆಟ್ರೋಲುಗಳ ಮಿಶ್ರಣವನ್ನು. ಅದನ್ನು ಒಂಬತ್ತರಲ್ಲೊಂದು ಪಾಲಿನಷ್ಟಕ್ಕೆ ಅಮುಕಿ, ಪ್ಲಗ್ಗಿನ ಕಿಡಿಯಿಂದ ಹೊತ್ತಿಸಿ, ಸುಮಾರು 37 ಅಶ್ವಶಕ್ತಿಯನ್ನು ಪಡೆಯುತ್ತಿದ್ದರು.

ಮೂರೇ ಸಿಲಿಂಡರಾದುದರಿಂದ ನಿಂತಲ್ಲಿ ಕೊಂಚ ನಡುಗುವುದು ಇದರ ಜನ್ಮಸ್ವಭಾವ, ಅದು ರೋಗವಲ್ಲ. ಆದರೆ ಒಂದು ಪ್ಲಗ್ಗು ಕೈಕೊಟ್ಟರೆ ಮೂರರಲ್ಲೊಂದು ಪಾಲು ಬಲವೇ ಹೋದಂತಾಗಿ, ಏರಿನಲ್ಲಿ ಗಾಡಿ ಮಿಸ್ ಹೊಡೆಯುತ್ತ, ಪಿಕಪ್ ಇಲ್ಲದೆ ತಡವರಿಸುವುದು. 2000ದ ಸುಮಾರಿಗೆ ಇಂಧನವನ್ನು ಸಿಂಪಡಿಸುವ ಎಂಪಿಎಫ್‌ಐ ವ್ಯವಸ್ಥೆ ಬಂದ ಮೇಲೆ ಕಾರ್ಬುರೇಟರಿನ ಜೆಟ್ ಕಟ್ಟಿಕೊಳ್ಳುವ ಕಾಟವೂ, ಒಳಗೆ ತಳ್ಳಲು ಮರೆತ ಚೋಕಿನಿಂದ ಕರಿಹೊಗೆ ಉಗುಳುವ ಮುಜುಗರವೂ ತಪ್ಪಿದುವು.

ಇವೆಲ್ಲ ಸಣ್ಣ ಕಾಯಿಲೆಗಳು. ಮನೆಯೊಡೆಯನ ಕಿಸೆಯನ್ನು ನಿಜವಾಗಿ ಹರಿಯುವುದು ಹೀಟು. ಕೂಲಂಟಿಗೆ ಬದಲಾಗಿ ಕೆರೆಯದೋ ಬಾವಿಯದೋ ನೀರನ್ನೇ ವರ್ಷಗಟ್ಟಲೆ ಹುಯ್ದು, ತುಕ್ಕೂ ಕಿಟ್ಟವೂ ರೇಡಿಯೇಟರಿನ ಸಣ್ಣ ನಾಳಗಳನ್ನು ಮುಚ್ಚಿದ ಮೇಲೆ, ಸೆಕೆಂಡ್ ಗೇರಿನಲ್ಲಿ ಉದ್ದದ ಏರನ್ನು ಹತ್ತಿಸಿದರೆ, ಅಲ್ಯೂಮಿನಿಯಮ್ಮಿನ ಸಿಲಿಂಡರ್ ಹೆಡ್ಡು ತಾಪಕ್ಕೆ ಸೊಟ್ಟಗಾಗಿ, ಅದರಡಿಯ ಗ್ಯಾಸ್ಕೆಟ್ಟು ಸುಟ್ಟು, ನೀರು ಆಯಿಲಿನೊಡನೆ ಬೆರೆಯುವುದು. ಡಿಪ್‌ಸ್ಟಿಕ್ಕನ್ನು ಎಳೆದು ನೋಡಿರಿ: ಜೇನಿನ ಬಣ್ಣವಾದರೂ ಕಪ್ಪಾದರೂ ಇರಬೇಕಾದ ಆಯಿಲು ಹಾಲು ಹೆಚ್ಚಾದ ಕಾಫಿಯಂತೆ ನೊರೆಗಟ್ಟಿದ್ದರೆ ಗಾಡಿಯನ್ನು ಮುಂದೆ ಓಡಿಸಲಾಗದು. ಮಳೆಗಾಲದಲ್ಲಿ ಅರ್ಧ ಮೈಲಿಯಷ್ಟೇ ಓಡುವ ಗಾಡಿಯಲ್ಲಿ ಆಯಿಲ್ ಮುಚ್ಚಳದ ಒಳಗೆ ತುಸು ಬಿಳಿನೊರೆ ಕೂಡುವುದುಂಟು; ಅಷ್ಟಕ್ಕೇ ಹೆಡ್ಡು ಬಿಚ್ಚಿಸಲು ಹೊರಡುವುದು ಆತುರ.

ಟೈಮಿಂಗ್ ಬೆಲ್ಟು ಮಾತ್ರ ಸುಳಿವನ್ನೇ ಕೊಡದೆ ಹರಿಯುವ ವಸ್ತು. ಹರಿದೊಡನೆ ಎಂಜಿನು ನಿಂತೇಹೋಗುವುದರಿಂದ, ಹಳೆಯ ಗಾಡಿ ಕೊಂಡವರು ಅದನ್ನು ಯಾವಾಗ ಬದಲಿಸಿದರೆಂದು ಮೊದಲು ಕೇಳತಕ್ಕದ್ದು.

ಏರಿನ ನಡುವೆ ಹೀಟಿನ ಮುಳ್ಳು ಮೇಲೇರಿದರೆ ಗಾಡಿಯನ್ನು ಬದಿಗೆ ಹಾಕಿ, ಎಂಜಿನು ಆರಿಸಿ, ಚೆನ್ನಾಗಿ ತಣಿಯುವವರೆಗೆ ಕಾಯಿರಿ; ರೇಡಿಯೇಟರಿನ ಮುಚ್ಚಳಕ್ಕೆ ಅಲ್ಲಿಯತನಕ ಕೈಹಾಕಬೇಡಿರಿ.