ಎರಡು ಕಿಂಡಿಯ ಕಾರ್ಡು

ಬೆಂಗಳೂರಿನ ಎಸ್‌ಪಿ ರೋಡಿನ ಒಳಗಲ್ಲಿಯೊಂದರಲ್ಲಿ ಹಳೇ ಕಂಪ್ಯೂಟರ್ ಸಾಮಾನನ್ನು ತೂಕಕ್ಕೆ ಕೊಳ್ಳುವ ಅಂಗಡಿಯಿದೆ. ಒಂದು ಕೇಬಲ್ ಹುಡುಕಿಕೊಂಡು ಹೋದವನಿಗೆ ಅಲ್ಲಿ ರ‍್ಯಾಮ್ ಪಟ್ಟಿಗಳ ರಾಶಿಯ ಅಡಿಯಲ್ಲಿ ಒಂದು ಕಾರ್ಡು ಕಣ್ಣಿಗೆ ಬಿತ್ತು. ಎರಡು ದೊಡ್ಡ ಚಿಪ್ಪುಗಳು, ಸುತ್ತ ಮೆಮೊರಿಯ ಸಣ್ಣ ಚಿಪ್ಪುಗಳು. ಫ್ಯಾನಿಲ್ಲ, ಹೀಟ್‌ಸಿಂಕೂ ಇಲ್ಲ. ಹಿಂಬದಿಯ ತಗಡಿನಲ್ಲಿ ಮಾನಿಟರ್ ವೈರು ಸಿಕ್ಕಿಸುವ ಕಿಂಡಿ ಮಾತ್ರ ಎರಡು. ಅಂಗಡಿಯ ಹುಡುಗ ತಿರುಗಿಸಿ ತಿರುಗಿಸಿ ನೋಡಿ, “ಎರಡು ಮಾನಿಟರ್ ಹಾಕೋದಕ್ಕಾ ಸಾರ್ ಇದು?” ಅಂದ.

“ಇಲ್ಲಪ್ಪ, ಒಂದು ಚಿತ್ರ ಒಳಗೆ ಬರೋಕೆ, ಇನ್ನೊಂದು ಹೊರಗೆ ಹೋಗೋಕೆ” ಅಂದೆ. ಇನ್ನೂರು ರೂಪಾಯಿಗೆ ಕೊಟ್ಟ. ಆರ್ಕಿಡ್ ಕಂಪನಿಯ ರೈಟಿಯಸ್ 3ಡಿ. ಇಂಥದೊಂದನ್ನು ಕೈಯಲ್ಲಿ ಹಿಡಿಯಬೇಕೆಂದು ಇಪ್ಪತ್ತೈದು ವರ್ಷದಿಂದ ಆಸೆಪಟ್ಟಿದ್ದೆ.

ಆಟ ಆಡುವುದಕ್ಕೆಂದೇ ಬೇರೆ ಕಾರ್ಡು ಕೊಂಡು, ಸಿಪಿಯು ಡಬ್ಬವನ್ನು ತಾವೇ ಬಿಚ್ಚಿ ಸಿಕ್ಕಿಸಿ, ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ಕಿತ್ತು ಹೊಸದು ಹಾಕುವ ರೂಢಿ ಮನೆಮನೆಗೆ ಹಬ್ಬಿದ್ದು ಈ ಪೀಳಿಗೆಯ ಕಾರ್ಡುಗಳಿಂದ. ಅದಕ್ಕೂ ಮೊದಲು ಕಂಪ್ಯೂಟರಿನಲ್ಲಿ ಡಿಸ್‌ಪ್ಲೇ ಕಾರ್ಡು ಇದ್ದೇ ಇತ್ತು, ಆದರೆ ಅದರ ಹೆಸರು ಕೇಳುವವರು ಕಡಿಮೆ. ಮೂರು ಆಯಾಮದ ಚಿತ್ರ ಬಿಡಿಸುತ್ತೇವೆಂದು ಬಂದ ಮೊದಮೊದಲ ಚಿಪ್ಪುಗಳೂ ನಿರಾಸೆ ತಂದವು. ಎಸ್‌3 ವರ್ಜ್ ಎಂಬುದಕ್ಕಂತೂ ಆಟಗಾರರು ವೇಗ ತಗ್ಗಿಸುವ ಕಾರ್ಡು ಎಂದೇ ಅಡ್ಡಹೆಸರಿಟ್ಟಿದ್ದರು.

ನನಗೆ ಸಿಕ್ಕ ಕಾರ್ಡಿನ ಚಿಪ್ಪುಗಳ ಹಿಂದೆ ಮೂವರಿದ್ದರು: ರಾಸ್ ಸ್ಮಿತ್, ಸ್ಕಾಟ್ ಸೆಲ್ಲರ್ಸ್, ಗ್ಯಾರಿ ಟರೋಲಿ. ಮೂವರೂ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯಲ್ಲಿ ಪಳಗಿದವರು. ಸಿನಿಮಾದವರು, ವಿಮಾನ ವಿನ್ಯಾಸ ಮಾಡುವವರು ಬಳಸುವ ಭಾರಿ ಬೆಲೆಯ ಯಂತ್ರಗಳು ಅಲ್ಲಿಯವು. ಆ ವಿದ್ಯೆಯನ್ನು ಅಗ್ಗದ ಪೆಟ್ಟಿಗೆಗೆ ಇಳಿಸಬೇಕೆಂದು 1994ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ತ್ರೀಡಿಎಫ್‌ಎಕ್ಸ್ ಶುರುಮಾಡಿದರು. ಮೊದಲು ಕಣ್ಣಿದ್ದದ್ದು ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಮೇಲೆ. ಮನೆಯ ಕಂಪ್ಯೂಟರಿಗೆ ಅಷ್ಟು ಮೆಮೊರಿ ಹಾಕಿ ಮಾರಿದರೆ ಕೊಳ್ಳುವವರು ಯಾರು? ಅಷ್ಟರಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಕುಸಿಯಿತು. 4 ಎಂಬಿ ಮೆಮೊರಿಯ ಕಾರ್ಡನ್ನು ಸುಮಾರು 300 ಡಾಲರಿಗೆ ಕೊಡಬಹುದಾಯಿತು. 1996ರ ಕೊನೆಯ ಹೊತ್ತಿಗೆ ವೂಡೂ ಎಂಬ ಅವರ ಚಿಪ್ಪಿನ ಕಾರ್ಡುಗಳು ಅಂಗಡಿಗೆ ಬಂದವು.

ಬೆಲೆ ತಗ್ಗಿಸಲು ಅವರು ಮಾಡಿದ ಆಯ್ಕೆ ಇವತ್ತಿಗೂ ನನಗೆ ಬೆರಗು. ಈ ಕಾರ್ಡಿಗೆ ಅಕ್ಷರ ತೋರಿಸಲು ಬಾರದು, ವಿಂಡೋಸ್ ತೋರಿಸಲು ಬಾರದು. ಆಟದ ಚಿತ್ರ ಬಿಟ್ಟು ಮತ್ತೇನೂ ಬಾರದು, ಅದೂ ಪರದೆ ತುಂಬ. ಹಾಗಾಗಿ ಹಳೆಯ ಕಾರ್ಡು ಅಲ್ಲೇ ಇರಬೇಕು. ಅದರಿಂದ ಹೊರಟ ವೈರು ವೂಡೂವಿನ ಒಂದು ಕಿಂಡಿಗೆ ಬಂದು, ಇನ್ನೊಂದು ಕಿಂಡಿಯಿಂದ ಮಾನಿಟರಿಗೆ ಹೋಗಬೇಕು. ದಿನದ ಕೆಲಸದ ಹೊತ್ತಿನಲ್ಲಿ ವೂಡೂ ಬಾಗಿಲು ತೆರೆದು ಚಿತ್ರವನ್ನು ದಾಟಲು ಬಿಟ್ಟು ಸುಮ್ಮನಿರುತ್ತದೆ. ಆಟ ಶುರುವಾದೊಡನೆ ಆ ದಾರಿ ಮುಚ್ಚಿ, ತನ್ನ ಚಿತ್ರವನ್ನು ಮಾನಿಟರಿಗೆ ಕಳಿಸುತ್ತದೆ. ಬೇರೆ ಕಂಪನಿಗಳು ಈ ಅದಲುಬದಲಿಗೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್ಚು ಹಾಕಿದವು. ಆರ್ಕಿಡ್‌ನವರು ಹಾಕಿದ್ದು ಯಾಂತ್ರಿಕ ರಿಲೇ. ಕಿಂಡಿಗಳ ಹಿಂದೆ ಸಾಲಾಗಿ ಕುಳಿತ ಪುಟ್ಟ ಪೆಟ್ಟಿಗೆಗಳು. ಅವುಗಳೊಳಗಿನ ಲೋಹದ ಪಟ್ಟಿ ಬಡಿದಾಗ ಟಕ್ ಎಂದು ಸದ್ದು ಬರುತ್ತಿತ್ತು.

ಆ ಸದ್ದಿನ ಆಚೆ ಏನಿತ್ತು ಎಂಬುದು ಕ್ವೇಕ್ ಆಡಿದವರಿಗೆ ಗೊತ್ತು. ಐಡಿ ಸಾಫ್ಟ್‌ವೇರ್ 1996ರ ಜೂನ್‌ನಲ್ಲಿ ಹೊರತಂದ ಆಟ ಅದು. ಆಗ ಪ್ರತಿ ಚುಕ್ಕೆಯನ್ನೂ ಪೆಂಟಿಯಂ ಪ್ರೊಸೆಸರೇ ಬಳಿಯಬೇಕಿತ್ತು. ಗೋಡೆಯೊಂದು ಓರೆಯಾಗಿ ದೂರ ಸರಿಯುವಾಗ ಅದರ ಮೇಲಿನ ಕಲ್ಲಿನ ಚಿತ್ರ ಸರಿಯಾಗಿ ಕುಗ್ಗಬೇಕೆಂದರೆ ಚುಕ್ಕೆಚುಕ್ಕೆಗೂ ಒಂದು ಭಾಗಾಕಾರ ಬೇಕು, ಪ್ರೊಸೆಸರಿಗೆ ಭಾಗಾಕಾರವೆಂದರೆ ಬಲು ನಿಧಾನದ ಕೆಲಸ. ಐಡಿಯ ಪ್ರೋಗ್ರಾಮರುಗಳಾದ ಜಾನ್ ಕಾರ್ಮ್ಯಾಕ್ ಮತ್ತು ಮೈಕೆಲ್ ಅಬ್ರಾಶ್ ಹದಿನಾರು ಚುಕ್ಕೆಗೊಮ್ಮೆ ಮಾತ್ರ ಭಾಗಿಸಿ, ನಡುವಿನದನ್ನು ಅಂದಾಜಿನಲ್ಲಿ ತುಂಬಿದರು. ಒಂದು ಕಡೆ ಹದಿನಾರು ಚುಕ್ಕೆ ಬಳಿಯುತ್ತಿರುವಾಗಲೇ ಇನ್ನೊಂದು ಕಡೆ ಮುಂದಿನ ಭಾಗಾಕಾರ ಮುಗಿಯುವಂತೆ ಹೊಂದಿಸಿದರು. ಆ ಕುಶಲತೆಗೆ ಕೈಮುಗಿಯಬೇಕು. ಆದರೂ ಗೋಡೆಯ ಹತ್ತಿರ ಹೋಗಿ ನಿಂತರೆ ಕಲ್ಲು ಚೌಕ ಚೌಕವಾಗಿ ಒಡೆಯುತ್ತಿತ್ತು, ಕಸೂತಿ ಸೀರೆಯ ಸೆರಗನ್ನು ಕಣ್ಣಿಗೆ ಒತ್ತಿ ಹಿಡಿದ ಹಾಗೆ.

1997ರ ಜನವರಿಯಲ್ಲಿ ಕಾರ್ಮ್ಯಾಕ್ ಅದೇ ಆಟವನ್ನು ಓಪನ್‌ಜಿಎಲ್ ಎಂಬ ಗ್ರಾಫಿಕ್ಸ್ ಮಾನದಂಡಕ್ಕೆ ಒಗ್ಗಿಸಿ ಜಿಎಲ್‌ಕ್ವೇಕ್ ಬಿಟ್ಟರು. ಓಪನ್‌ಜಿಎಲ್ ಹುಟ್ಟಿದ್ದು ಸಿಲಿಕಾನ್ ಗ್ರಾಫಿಕ್ಸ್‌ನಲ್ಲೇ, ಆ ಮೂವರ ತವರಿನಲ್ಲಿ. ಅದರ ಪೂರ್ತಿ ಹೊರೆ ಹೊರುವ ಶಕ್ತಿ ವೂಡೂವಿಗೆ ಇರಲಿಲ್ಲ. ತ್ರೀಡಿಎಫ್‌ಎಕ್ಸ್‌ನವರು ಕ್ವೇಕಿಗೆ ಬೇಕಾದಷ್ಟನ್ನೇ ಆರಿಸಿ ಮಿನಿಜಿಎಲ್ ಎಂಬ ಪುಟ್ಟ ಡ್ರೈವರ್ ಬರೆದುಕೊಟ್ಟರು. ಚುಕ್ಕೆಚುಕ್ಕೆಯ ಭಾಗಾಕಾರವನ್ನು ಕಾರ್ಡೇ ವಹಿಸಿಕೊಂಡಿತು. ಅಕ್ಕಪಕ್ಕದ ನಾಲ್ಕು ಬಣ್ಣಗಳನ್ನು ಬೆರೆಸಿ ಬಳಿಯಿತು. 640 ಚುಕ್ಕೆ ಅಗಲ, 480 ಚುಕ್ಕೆ ಎತ್ತರದ ಪರದೆಯಲ್ಲಿ ಕಲ್ಲು ಕಲ್ಲಾಗಿಯೇ ಉಳಿಯಿತು, ಎಷ್ಟು ಹತ್ತಿರ ಹೋದರೂ. ಪಕ್ಕದ ಮನೆಯಲ್ಲಿ ಇದನ್ನು ಒಮ್ಮೆ ಕಂಡವನು ತನ್ನ ಮನೆಯ ಪರದೆಯನ್ನು ಮೊದಲಿನ ಹಾಗೆ ನೋಡಲಾರದೆ ಹೋದ.

1998ರ ವೂಡೂ 2 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎರಡು ಕಾರ್ಡು ಕೊಂಡು ನಡುವೆ ಪಟ್ಟಿ ಕಟ್ಟಿದರೆ ಬೆಸ ಸಾಲುಗಳನ್ನು ಒಂದು, ಸರಿ ಸಾಲುಗಳನ್ನು ಇನ್ನೊಂದು ಬಿಡಿಸುತ್ತಿತ್ತು. ಜಗಳವೂ ಅದೇ ವರ್ಷ ಶುರುವಾಯಿತು. ಅಲ್ಲಿಯವರೆಗೆ ತ್ರೀಡಿಎಫ್‌ಎಕ್ಸ್ ಚಿಪ್ಪು ಮಾತ್ರ ಮಾರುತ್ತಿತ್ತು. ಕಾರ್ಡು ಕಟ್ಟಿ ಮಾರುವವರು ಡೈಮಂಡ್, ಕ್ರಿಯೇಟಿವ್, ಆರ್ಕಿಡ್ ಮುಂತಾದವರು. 1998ರ ಡಿಸೆಂಬರ್‌ನಲ್ಲಿ ಎಸ್‌ಟಿಬಿ ಎಂಬ ಕಾರ್ಡು ತಯಾರಕ ಕಂಪನಿಯನ್ನೇ ಕೊಳ್ಳುವುದಾಗಿ ತ್ರೀಡಿಎಫ್‌ಎಕ್ಸ್ ಘೋಷಿಸಿತು. ಇನ್ನು ಕಾರ್ಡು ನಮ್ಮದೇ, ಲಾಭವೂ ನಮ್ಮದೇ ಎಂಬ ಲೆಕ್ಕಾಚಾರ. ತಮ್ಮನ್ನು ಮೇಲೆತ್ತಿದ ಗಿರಾಕಿಗಳಿಗೇ ಬಾಗಿಲು ಹಾಕಿದ ಹಾಗಾಯಿತು. ಅವರಲ್ಲಿ ಹಲವರು ಹೋಗಿ ನಿಂತದ್ದು ಎದುರಾಳಿ ಚಿಪ್ಪು ಕಂಪನಿ ಎನ್‌ವಿಡಿಯಾ ಮನೆ ಮುಂದೆ. ವೂಡೂ 3ರ ಕಾಲದಲ್ಲೂ ತ್ರೀಡಿಎಫ್‌ಎಕ್ಸ್ 16 ಬಿಟ್ ಬಣ್ಣಕ್ಕೇ ಅಂಟಿಕೊಂಡಿತ್ತು, ಎದುರಾಳಿಯ ಟಿಎನ್‌ಟಿ ಆಗಲೇ 32 ಬಿಟ್‌ಗೆ ಹೋಗಿತ್ತು. 1999ರ ಕೊನೆಗೆ ಎನ್‌ವಿಡಿಯಾದ ಜಿಫೋರ್ಸ್ 256 ಬಂತು, ತ್ರೀಡಿಎಫ್‌ಎಕ್ಸ್ ಹಿಂದೆ ಬಿತ್ತು. ಈ ಸೋಲಿಗೆ ಬಣ್ಣ ಕಾರಣವೆಂದು ಬರೆಯುವವರಿದ್ದಾರೆ. ನನ್ನ ಮಟ್ಟಿಗೆ ಎಸ್‌ಟಿಬಿ ಖರೀದಿಯೇ ಮೊದಲ ತಪ್ಪು.

ನನ್ನ ಪಾಲಿಗೆ ಈ ಕಥೆ ತುಮಕೂರಿನ ನಮ್ಮ ಮನೆಗೆ ಬಂದದ್ದು 2000ದಲ್ಲಿ. ಅಪ್ಪ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇತ್ತು. ಕ್ವೇಕ್ 3 ಸಿ.ಡಿ. ಸಿಕ್ಕಿತ್ತು, ಆದರೆ ಗ್ರಾಫಿಕ್ಸ್ ಕಾರ್ಡಿಲ್ಲದೆ ಆಡಲಾಗದ ಮೊದಲ ಕ್ವೇಕ್ ಅದು. ವರ್ಷವಿಡೀ ಕೂಡಿಟ್ಟ ದುಡ್ಡಿನಲ್ಲಿ ಚಿಕ್ಕಪ್ಪನ ಮಗನ ಜೊತೆ ಬೆಂಗಳೂರಿಗೆ ಹೋಗಿ ಎಜಿಪಿ ಎಂಬ ಸ್ಲಾಟಿಗೆ ಕೂರುವ ಗ್ರಾಫಿಕ್ಸ್ ಕಾರ್ಡು ತಂದೆ. ಸಂಜೆ ನಡುಮನೆಯಲ್ಲಿ ಪೇಪರ್ ಹಾಸಿ ಡಬ್ಬ ಬಿಚ್ಚಿದೆವು. ಬೋರ್ಡಿನಲ್ಲಿ ಬಿಳಿ ಬಣ್ಣದ ಪಿಸಿಐ ಸ್ಲಾಟುಗಳಿದ್ದವು. ಕಂದು ಬಣ್ಣದ ಎಜಿಪಿ ಸ್ಲಾಟು ಇರಬೇಕಾದ ಕಡೆ ಖಾಲಿ. ಟಾರ್ಚು ಬಿಟ್ಟು ನೋಡಿದೆವು, ಇಲ್ಲ. “ಅಣ್ಣಾ, ಸ್ಲಾಟೇ ಇಲ್ವಲ್ಲೋ” ಅಂದದ್ದಷ್ಟೇ ನೆನಪು, ಆ ರಾತ್ರಿ ಊಟ ಸೇರಲಿಲ್ಲ. ಇಂಟೆಲ್ 810 ಚಿಪ್‌ಸೆಟ್ಟಿನ ಬೋರ್ಡದು. ಡಿಸ್‌ಪ್ಲೇ ಬೋರ್ಡಿನೊಳಗೇ ಬರುವುದರಿಂದ ಅದರಲ್ಲಿ ಎಜಿಪಿ ಸ್ಲಾಟು ಕೊಡುವ ಏರ್ಪಾಡೇ ಇರಲಿಲ್ಲ. ಅಸೆಂಬಲ್ ಮಾಡಿಕೊಟ್ಟವರು ಅದನ್ನು ಅಪ್ಪನಿಗೆ ಹೇಳಿರಲಿಲ್ಲ. ಒಂದು ಮಾತು ಹೇಳಬಹುದಿತ್ತು ಎಂಬ ಸಿಟ್ಟು ಈಗಲೂ ಪೂರ್ತಿ ಆರಿಲ್ಲ.

ಮಾರನೇ ದಿನ ಬೆಳಗಿನ ರೈಲು ಹಿಡಿದು ಎಸ್‌ಪಿ ರೋಡಿಗೆ ವಾಪಸು. ಅಂಗಡಿಯವರು ಬೈಯಲಿಲ್ಲ. “ಪಿಸಿಐನಲ್ಲಿ ಇದೊಂದೇ ಇರೋದು ಮರಿ, ತಗೊಂಡ್ಹೋಗು” ಎಂದು ವೂಡೂ 3 ಕಾರ್ಡು ಕೊಟ್ಟು, ಉಳಿದ ದುಡ್ಡು ಎಣಿಸಿ ಕೈಗಿಟ್ಟರು. ಆಗಿನ ಎಸ್‌ಪಿ ರೋಡ್ ಹಾಗಿತ್ತು.

ನಾನು ಆ ಕಾರ್ಡು ಸಿಕ್ಕಿಸಿಕೊಂಡ ವರ್ಷವೇ ಅದರ ತಯಾರಕರು ಬಾಗಿಲು ಮುಚ್ಚುವ ತೀರ್ಮಾನಕ್ಕೆ ಬಂದರು. 2000ದ ಡಿಸೆಂಬರ್ 15ರಂದು ತ್ರೀಡಿಎಫ್‌ಎಕ್ಸ್‌ನ ಪೇಟೆಂಟು, ಹೆಸರು, ಆಸ್ತಿಗಳನ್ನು ಕೊಳ್ಳುವುದಾಗಿ ಎನ್‌ವಿಡಿಯಾ ಪ್ರಕಟಿಸಿತು. ಹಳೇ ಕಾರ್ಡುಗಳಿಗೆ ಹೊಸ ಡ್ರೈವರ್ ಬರುವುದು ನಿಂತಿತು. ಕಾರ್ಡಿನ ಮೇಲೆ ಪ್ರೀತಿಯಿದ್ದವರು ತಾವೇ ಡ್ರೈವರ್ ತಿದ್ದಿ ಹಂಚಿಕೊಂಡು ಕೆಲವು ವರ್ಷ ಅವನ್ನು ಜೀವಂತ ಇಟ್ಟರು. ಎರಡು ಕಾರ್ಡು ಜೋಡಿಸುವ ವಿದ್ಯೆಗೆ ತ್ರೀಡಿಎಫ್‌ಎಕ್ಸ್ ಇಟ್ಟಿದ್ದ ಎಸ್‌ಎಲ್‌ಐ ಎಂಬ ಮೂರಕ್ಷರವನ್ನು ಎನ್‌ವಿಡಿಯಾ 2004ರಲ್ಲಿ ಬೇರೆ ಅರ್ಥ ಕೊಟ್ಟು ಮತ್ತೆ ಬಳಸಿತು.

ಅನಂತರದ್ದು ಎಲ್ಲರಿಗೂ ಗೊತ್ತಿರುವುದೇ. ಎಜಿಪಿ ಹೋಗಿ ಪಿಸಿಐ ಎಕ್ಸ್‌ಪ್ರೆಸ್ ಬಂತು. ಸ್ಲಾಟು ಕೊಡುವ 75 ವ್ಯಾಟ್ ಸಾಲದೆ ಎಸ್‌ಎಂಪಿಎಸ್‌ನಿಂದ ಬೇರೆ ವೈರು ಎಳೆಯುವ ಕಾಲ ಬಂತು. ಕ್ರಿಪ್ಟೊ ನಾಣ್ಯ ತೋಡುವವರು ಕಾರ್ಡುಗಳನ್ನು ಗೋಣಿಗಟ್ಟಲೆ ಹೊತ್ತೊಯ್ದ ವರ್ಷಗಳಲ್ಲಿ ಕಾಲೇಜು ಹುಡುಗರು ಬೆಲೆ ಕೇಳಿ ಬರಿಗೈಲಿ ಮರಳಿದ್ದನ್ನು ಇದೇ ರಸ್ತೆಯಲ್ಲಿ ನೋಡಿದ್ದೇನೆ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ನಾಣ್ಯ ಈ ತೋಡುವ ಪದ್ಧತಿಯನ್ನೇ ಕೈಬಿಟ್ಟ ಮೇಲೆ, ಹಗಲೂ ರಾತ್ರಿ ದುಡಿದು ಸೊರಗಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದವು. ನನ್ನ ನಿಜವಾದ ನೋವು ಬೇರೆ. ನನ್ನ ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ಚಿಪ್ಪು ಹಳತಾದರೆ ಲ್ಯಾಪ್‌ಟಾಪೇ ಹಳತು. ಪೇಪರ್ ಹಾಸಿ ಡಬ್ಬ ಬಿಚ್ಚುವ ಸಂಜೆ ಅವನಿಗೆ ಸಿಕ್ಕಿಲ್ಲ, ಸ್ಲಾಟಿಗೆ ಕಾರ್ಡು ಒತ್ತುವಾಗ ಎಷ್ಟು ಬಲ ಹಾಕಬೇಕೋ ಎಂದು ಅಂಗೈ ಬೆವರಿದ್ದೂ ಗೊತ್ತಿಲ್ಲ.

ಅವನನ್ನು ಕರೆದುಕೊಂಡೇ ಗೆಳೆಯನ ಮನೆಗೆ ಹೋದೆ. ಅವರ ಅಟ್ಟದಲ್ಲಿ ವಿಂಡೋಸ್ 98 ಇರುವ ಪೆಂಟಿಯಂ ಯಂತ್ರ ಇನ್ನೂ ಓಡುತ್ತದೆ. ಸ್ಕ್ರೂಡ್ರೈವರನ್ನು ಅವನ ಕೈಗೇ ಕೊಟ್ಟೆ. ಆರ್ಕಿಡ್ ಕಾರ್ಡನ್ನು ಪಿಸಿಐ ಸ್ಲಾಟಿಗೆ ಒತ್ತಿದ, ಹಳೇ ಕಾರ್ಡಿನಿಂದ ಒಂದು ಕಿಂಡಿಗೆ ವೈರು, ಇನ್ನೊಂದರಿಂದ ಮಾನಿಟರಿಗೆ. ಜಿಎಲ್‌ಕ್ವೇಕ್ ಒತ್ತಿದಾಗ ಪರದೆ ಕಪ್ಪಾಯಿತು. ಡಬ್ಬದೊಳಗಿಂದ ಟಕ್.

“ಏನೋ ಮುರೀತು ಮಾಮಾ!” ಎಂದು ಕೈ ಹಿಂದೆಳೆದುಕೊಂಡ. ಅಷ್ಟರಲ್ಲಿ ಪರದೆ ತುಂಬ ಕಂದು ಕಲ್ಲಿನ ಗೋಡೆ ಎದ್ದು ನಿಂತಿತ್ತು. ಅರ್ಧ ಗಂಟೆ ಆಡಿ, ಎಸ್ಕೇಪ್ ಒತ್ತಿ ಹೊರಬಂದಾಗ ಮತ್ತೆ ಟಕ್. ಈ ಸಲ ಬೆಚ್ಚಲಿಲ್ಲ. ಆ ಸದ್ದು ಇನ್ನೊಮ್ಮೆ ಕೇಳಬೇಕೆಂದು ಆಟವನ್ನು ಮತ್ತೆ ತೆರೆದ.