ವಾರಾಂತ್ಯದ ಕಡಲಯಾನಕ್ಕೆ ಎಷ್ಟು ಅಡಿಯ ದೋಣಿ?

ಮುಂಬಯಿಯಲ್ಲಿ ಎರಡು-ಮೂರು ತಲೆಮಾರುಗಳಿಂದ ನೆಲೆನಿಂತ ಕನ್ನಡಿಗರಲ್ಲಿ ಅನೇಕರು ಮೂಲತಃ ಕರಾವಳಿಯವರು. ಮಂಗಳೂರಿನ ದಕ್ಕೆಯನ್ನು ಕಂಡು ಬೆಳೆದವರಿಗೆ ಇಲ್ಲಿನ ಭಾವುಚಾ ಧಕ್ಕಾ ಎಂಬ ಹೆಸರು ಪರಕೀಯವೆನಿಸದು. ಕಡಲಿನ ನಂಟು ರಕ್ತದಲ್ಲೇ ಇರುವುದರಿಂದಲೋ ಏನೋ, ಅನುಕೂಲಸ್ಥ ಕುಟುಂಬಗಳು, ಕೆಲವೊಮ್ಮೆ ಮೂರು-ನಾಲ್ಕು ಮಿತ್ರರು ಒಟ್ಟುಗೂಡಿ, ಸ್ವಂತದ್ದೊಂದು ಮೋಜಿನ ದೋಣಿಯನ್ನು ಕೊಳ್ಳುವ ಯೋಚನೆ ಮಾಡುವುದುಂಟು. ಅಂಥವರ ಮುಂದೆ ಬರುವ ಮೊದಲ ಪ್ರಶ್ನೆ: ಎಷ್ಟು ಅಡಿಯದು?

ಕ್ಯಾಬಿನ್ ಕ್ರೂಸರ್ ಎಂದರೆ ಯಂತ್ರದಿಂದ ಚಲಿಸುವ, ಮಲಗಲು ಕೋಣೆ, ಪುಟ್ಟ ಅಡುಗೆಕಟ್ಟೆ ಹಾಗೂ ಶೌಚಾಲಯವುಳ್ಳ ಖಾಸಗಿ ದೋಣಿ. ಕಾರು ಕೊಳ್ಳುವಾಗ ಅಳತೆಯ ತಪ್ಪು ಆದರೆ ಅನಾನುಕೂಲವಷ್ಟೇ. ದೋಣಿಯ ವಿಷಯದಲ್ಲಿ ಅದು ಹೆಂಡತಿ-ಮಕ್ಕಳ ಪ್ರಾಣದ ಪ್ರಶ್ನೆಯೂ ಆಗಬಲ್ಲದು. ತೀರಾ ಚಿಕ್ಕದಾದರೆ ಅಲೆಗೆ ಅಂಜಬೇಕು. ತೀರಾ ದೊಡ್ಡದಾದರೆ ಖರ್ಚಿಗೆ ಅಂಜಿ ಅದನ್ನು ಕಟ್ಟಿಹಾಕಿಯೇ ಇಡಬೇಕು.

ಮೊದಲು ದಾರಿ, ಆಮೇಲೆ ದೋಣಿ

ದೋಣಿಯ ಅಳತೆಯನ್ನು ನಿರ್ಧರಿಸುವುದು ಹೋಗಬೇಕಾದ ದೂರ ಮತ್ತು ದಾರಿಯ ನೀರು. ಸಮುದ್ರದಲ್ಲಿ ದೂರವನ್ನು ನಾಟಿಕಲ್ ಮೈಲಿನಲ್ಲಿ ಎಣಿಸುತ್ತಾರೆ. ಒಂದು ನಾಟಿಕಲ್ ಮೈಲು 1.852 ಕಿಲೋಮೀಟರು. ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ದ್ವೀಪಕ್ಕೆ ಹೋಗುವ ದಾರಿ ಪೂರ್ತಿ ಬಂದರಿನ ಒಳನೀರು. ಮಾಂಡ್ವಾ ಎಂಟು-ಹತ್ತು ಮೈಲು. ಅದು ಬಂದರಿನ ಬಾಯಿಯ ಅಡ್ಡದಾರಿ, ಅಲ್ಲಿ ಹೊರಗಡಲಿನ ಅಲೆ ಒಳಬರುತ್ತದೆ. ಖಾಂದೇರಿ ದ್ವೀಪವನ್ನು ಬಳಸಿಕೊಂಡು ಅಲಿಬಾಗ್ ಕಡೆಗೆ ಹೋದರೆ ಸುಮಾರು ಇಪ್ಪತ್ತು ಮೈಲು. ಮುರುಡ್-ಜಂಜೀರಾ ಸುಮಾರು ನಲವತ್ತು ಮೈಲು, ಬಹುಪಾಲು ತೆರೆದ ಅರಬ್ಬೀ ಸಮುದ್ರ.

ಹವೆಯ ನಡೆಯನ್ನೂ ತಿಳಿದಿರಬೇಕು. ಚಳಿಗಾಲದಲ್ಲಿ ಬೆಳಗಿನ ಹೊತ್ತು ನೆಲದ ಕಡೆಯಿಂದ ಮೆಲುಗಾಳಿ ಬೀಸುವುದರಿಂದ ನೀರು ಕನ್ನಡಿಯಂತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಮಾಂಡ್ವಾದಿಂದಲೋ ಅಲಿಬಾಗಿನಿಂದಲೋ ಉತ್ತರಕ್ಕೆ ಮರಳುವವರಿಗೆ ಆ ಗಾಳಿಯೂ ಅದು ಎಬ್ಬಿಸಿದ ಅಲೆಯೂ ಎದುರಾಗುತ್ತವೆ. ಆದ್ದರಿಂದ ದೋಣಿಯನ್ನು ಶನಿವಾರ ಬೆಳಗಿನ ಸಮುದ್ರವನ್ನು ನೋಡಿ ಆರಿಸಬಾರದು, ಭಾನುವಾರ ಮಧ್ಯಾಹ್ನದ ಸಮುದ್ರವನ್ನು ನೋಡಿ ಆರಿಸಬೇಕು. ಮಾರುವವರು ಪರೀಕ್ಷಾ ಪ್ರಯಾಣಕ್ಕೆ ಸಾಧಾರಣವಾಗಿ ಬೆಳಗ್ಗೆಯೇ ಕರೆಯುತ್ತಾರೆ. ತಾವು ಮಧ್ಯಾಹ್ನ ಮೂರು ಗಂಟೆಯ ಮೇಲೆ ಕೇಳಿರಿ. ಮಳೆಗಾಲದ ನಾಲ್ಕು ತಿಂಗಳಂತೂ ಯಾವ ಅಳತೆಯ ದೋಣಿಗೂ ವಿಹಾರದ ಕಾಲವಲ್ಲ.

ಆರು ಅಡಿಯ ಅಂತರ

ಕಾಗದದ ಮೇಲೆ 24 ಅಡಿಗೂ 30 ಅಡಿಗೂ ಆರೇ ಅಡಿಯ ಅಂತರ. ಆದರೆ ಉದ್ದದ ಜೊತೆಗೆ ಅಗಲವೂ ಎತ್ತರವೂ ಬೆಳೆಯುವುದರಿಂದ ಒಂದೇ ಬಗೆಯ ದೋಣಿಗಳಲ್ಲಿ ಗಾತ್ರವು ಹೆಚ್ಚುಕಡಿಮೆ ಉದ್ದದ ಘನದಂತೆ ಏರುತ್ತದೆ. 30 ಅಡಿಯದು 24 ಅಡಿಯದಕ್ಕಿಂತ ಸುಮಾರು ಇಮ್ಮಡಿ ತೂಗುತ್ತದೆ. ಯಂತ್ರ, ಇಂಧನ, ಬಣ್ಣ, ದುರಸ್ತಿ ಎಲ್ಲವೂ ಅದನ್ನೇ ಹಿಂಬಾಲಿಸುತ್ತವೆ. ಅದೇ ತೂಕವು ಅಲೆಯಲ್ಲಿ ದೋಣಿಗೆ ಸ್ಥಿರತೆಯನ್ನೂ ಕೊಡುತ್ತದೆ.

ಸ್ಥೂಲವಾಗಿ ಹೀಗೆ ಹೇಳಬಹುದು. 20ರಿಂದ 24 ಅಡಿಯ ದೋಣಿಯ ಕ್ಯಾಬಿನ್ನು ಬಿಸಿಲಿಗೆ ಮರೆ, ಮಕ್ಕಳ ನಿದ್ದೆಗೆ ಜಾಗ, ಅಷ್ಟೇ. ಎಲಿಫೆಂಟಾ ಹಾಗೂ ಒಳಬಂದರಿನ ಹಗಲು ವಿಹಾರಕ್ಕೆ ಅದು ಸಾಕು. 26ರಿಂದ 30 ಅಡಿಯಲ್ಲಿ ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ, ಬಾಗಿಲುಳ್ಳ ಶೌಚಾಲಯ, ನಾಲ್ವರ ಮಲಗುವ ವ್ಯವಸ್ಥೆ ದೊರೆಯತೊಡಗುತ್ತವೆ. ಮಾಂಡ್ವಾ-ಅಲಿಬಾಗಿನಲ್ಲಿ ಒಂದು ರಾತ್ರಿ ತಂಗುವ ಕುಟುಂಬಕ್ಕೆ ಇದೇ ಹದ. ಮುರುಡಿನತ್ತ ಎರಡು ರಾತ್ರಿಯ ಯಾನವೇ ವಾಡಿಕೆಯಾಗುವುದಾದರೆ 32ರಿಂದ 36 ಅಡಿ, ಸಾಧ್ಯವಾದರೆ ಎರಡು ಯಂತ್ರಗಳಿರುವುದು ಒಳಿತು; ಒಂದು ಕೆಟ್ಟರೆ ಇನ್ನೊಂದು ದಡ ಸೇರಿಸೀತು. ಅದಕ್ಕಿಂತ ದೊಡ್ಡದಕ್ಕೆ ಸಂಬಳದ ತಂಡೇಲನೂ ಖಲಾಸಿಯೂ ಬೇಕಾಗುತ್ತಾರೆ. ಆಗ ಅದು ಮನೆಮಂದಿಯ ದೋಣಿಯಾಗಿ ಉಳಿಯುವುದಿಲ್ಲ.

ಉದ್ದವೊಂದೇ ಭರವಸೆಯಲ್ಲ. ಯುರೋಪಿನ ನಿಯಮದಂತೆ ತಯಾರಾದ ದೋಣಿಗಳ ಫಲಕದಲ್ಲಿ ಎ, ಬಿ, ಸಿ, ಡಿ ಎಂಬ ವರ್ಗವಿರುತ್ತದೆ. ಸಿ ವರ್ಗವು ಬ್ಯೂಫರ್ಟ್ ಮಾಪನದ 6ನೇ ಬಲದ ಗಾಳಿ ಹಾಗೂ 2 ಮೀಟರ್ ಅಲೆಯವರೆಗೆ, ಬಿ ವರ್ಗವು 8ನೇ ಬಲ ಹಾಗೂ 4 ಮೀಟರ್ ಅಲೆಯವರೆಗೆ. ಡಿ ವರ್ಗ ಕೆರೆ-ಹೊಳೆಗಳಿಗಷ್ಟೇ ತಕ್ಕದ್ದು. ಕರಾವಳಿ ವಿಹಾರಕ್ಕೆ ಸಿ ಕನಿಷ್ಠ, ಮುರುಡಿನವರೆಗೆ ಹೋಗುವವರಿಗೆ ಬಿ ಮೇಲು. ದೋಣಿಯ ತಳವೂ ಮುಖ್ಯ: ಆಳವಾದ ‘ವಿ’ ಆಕಾರದ ತಳ ಎದುರಲೆಯನ್ನು ಸೀಳಿಕೊಂಡು ಹೋಗುತ್ತದೆ, ಚಪ್ಪಟೆ ತಳ ಅಲೆಯ ಮೇಲೆ ಬಡಿದು ಸೊಂಟ ಮುರಿಯುತ್ತದೆ.

ಎಷ್ಟು ಜನ?

ನಮ್ಮವರು ಎಡವುವುದು ಇಲ್ಲಿಯೇ. ನಾಲ್ವರಿಗೆಂದು ಕೊಂಡ ದೋಣಿಗೆ ಊರಿನಿಂದ ಬಂದ ಭಾವ, ಅವರ ಮಕ್ಕಳು, ಪಕ್ಕದ ಮನೆಯವರು ಎಂದು ಹನ್ನೆರಡು ಮಂದಿ ಸೇರುತ್ತಾರೆ. ಬೇಡವೆನ್ನಲು ದಾಕ್ಷಿಣ್ಯ. ಒಬ್ಬರಿಗೆ 75 ಕಿಲೋ ಎಂದರೂ ಎಂಟು ಜನ ಹೆಚ್ಚಾದರೆ 600 ಕಿಲೋ. ಅವರೆಲ್ಲ ಫೋಟೋಕ್ಕೆಂದು ಒಂದೇ ಪಕ್ಕಕ್ಕೆ ಬಂದರೆ ಚಿಕ್ಕ ದೋಣಿಯ ಗತಿಯೇನು? ಫಲಕದ ಮೇಲೆ ಒಂದೊಂದು ವರ್ಗಕ್ಕೂ ಜನರ ಸಂಖ್ಯೆ ಬೇರೆಯಾಗಿರುವುದುಂಟು: ಸಿ ವರ್ಗದ ನೀರಿನಲ್ಲಿ ಎಂಟಿದ್ದರೆ ಬಿ ವರ್ಗದ ನೀರಿನಲ್ಲಿ ಆರೇ. ಹಾಗೆಯೇ ಎಂಟು ಜನ ಕೂರಬಹುದಾದ ದೋಣಿಯಲ್ಲಿ ಎಂಟು ಜನ ಮಲಗಲಾಗದು. ಪಾಲುಗಾರರಾಗಿ ಕೊಳ್ಳುವವರು ಗರಿಷ್ಠ ಸಂಖ್ಯೆಯನ್ನು ಮೊದಲೇ ಬರೆದಿಟ್ಟು ಸಹಿ ಹಾಕಿಕೊಂಡರೆ ದಾಕ್ಷಿಣ್ಯದ ಪ್ರಶ್ನೆ ಬರುವುದಿಲ್ಲ.

2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದೋಣಿ ಡಿಕ್ಕಿಯಾದ ದುರಂತವನ್ನು ಮುಂಬಯಿಗರು ಮರೆತಿಲ್ಲ. ಹಗಲಿನಲ್ಲಿ, ಶಾಂತ ನೀರಿನಲ್ಲಿ, ದಡ ಕಾಣುವಷ್ಟು ದೂರದಲ್ಲಿಯೇ ಪ್ರಾಣಗಳು ಹೋದವು. ದೋಣಿಯ ಅಳತೆ ಯಾವುದಿದ್ದರೂ ತಲೆಗೊಂದು ಜೀವರಕ್ಷಕ ಜಾಕೆಟ್ಟು, ಮಕ್ಕಳಿಗೆ ಮಕ್ಕಳ ಅಳತೆಯದು, ಪೆಟ್ಟಿಗೆಯಲ್ಲಲ್ಲ, ಮೈಮೇಲೆ ಇರಬೇಕು.

ಇಂಧನದ ಮೂರು ಪಾಲು

ಹಳೆಯ ನಾವಿಕರ ಸೂತ್ರವೊಂದಿದೆ: ಟ್ಯಾಂಕಿನ ಮೂರನೆಯ ಒಂದು ಪಾಲು ಹೋಗಲು, ಒಂದು ಬರಲು, ಒಂದು ಆಪತ್ತಿಗೆ. ಗಂಟೆಗೆ 20 ನಾಟಿಕಲ್ ಮೈಲು ವೇಗದಲ್ಲಿ 40 ಲೀಟರ್ ಡೀಸೆಲ್ ಸುಡುವ ದೋಣಿಯನ್ನು ಊಹಿಸಿಕೊಳ್ಳಿ. ಮುರುಡಿಗೆ ಎರಡು ಗಂಟೆ, 80 ಲೀಟರು, ಮರಳಲು ಇನ್ನೊಂದು 80, ಮೀಸಲು 80. ಟ್ಯಾಂಕು 240 ಲೀಟರಿಗೆ ಕಡಿಮೆಯಿರಕೂಡದು. ಹತ್ತು ಮೈಲಿನ ಮಾಂಡ್ವಾಕ್ಕಾದರೆ ಇದೇ ಲೆಕ್ಕದಲ್ಲಿ 60 ಲೀಟರು ಸಾಕು.

ಎಲ್ಲಿ ನಿಲ್ಲಿಸುವುದು?

ಮುಂಬಯಿಯಲ್ಲಿ ಬಹುತೇಕ ಖಾಸಗಿ ದೋಣಿಗಳು ಬಂದರಿನ ನೀರಿನಲ್ಲಿ ಬೋಯಾಗಳಿಗೆ ಕಟ್ಟಿಕೊಂಡಿರುತ್ತವೆ; ಪುಟ್ಟ ದೋಣಿಯಲ್ಲಿ ಹೋಗಿ ಹತ್ತಬೇಕು. ವೃದ್ಧ ತಂದೆ-ತಾಯಿಗಳನ್ನು ಕರೆದೊಯ್ಯುವವರು ದೋಣಿಯ ಹಿಂಭಾಗದಲ್ಲಿ ತಗ್ಗಿನ ಮೆಟ್ಟಿಲಿದೆಯೇ ಎಂದು ನೋಡಬೇಕು. ಹುಣ್ಣಿಮೆ-ಅಮಾವಾಸ್ಯೆಗಳ ಆಸುಪಾಸಿನಲ್ಲಿ ಮುಂಬಯಿಯ ಉಬ್ಬರ-ಇಳಿತದ ಅಂತರ ನಾಲ್ಕು ಮೀಟರಿಗೂ ಮಿಕ್ಕುತ್ತದೆ. ಮಂಗಳೂರಿನ ಕಡೆ ಅದು ಒಂದೂವರೆ ಮೀಟರಿನ ಆಸುಪಾಸು. ಊರಿನ ಅಳಿವೆಯ ಅನುಭವವನ್ನು ನೆಚ್ಚಿ ಇಲ್ಲಿ ಖಾಡಿಗೆ ನುಗ್ಗಿದರೆ ಇಳಿತದಲ್ಲಿ ಕೆಸರಿನ ಮೇಲೆ ಕೂರಬೇಕಾದೀತು. ಆದ್ದರಿಂದ ನೀರಿನೊಳಗೆ ಮುಳುಗುವ ಭಾಗ ಒಂದು ಮೀಟರಿನೊಳಗೆ ಇದ್ದರೆ ಅನುಕೂಲ. ಮಳೆಗಾಲದಲ್ಲಿ ಟ್ರೇಲರಿನಲ್ಲಿ ಸಾಗಿಸಿ ಒಣನೆಲದಲ್ಲಿ ಇಡುವ ಯೋಚನೆಯಿದ್ದರೆ ಅಗಲವನ್ನು ಅಳೆಯಿರಿ: ರಸ್ತೆಯಲ್ಲಿ ವಾಹನಕ್ಕೆ ಸಾಮಾನ್ಯ ಮಿತಿ 2.6 ಮೀಟರು. 26 ಅಡಿ ದಾಟಿದ ಹೆಚ್ಚಿನ ದೋಣಿಗಳು ಈ ಮಿತಿಯನ್ನು ಮೀರುತ್ತವೆ.

ಖರ್ಚಿನ ಮಾತು

ಮೋಜಿನ ದೋಣಿಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40ಕ್ಕೆ ಏರಿತು. ಕೊಳ್ಳುವ ಬೆಲೆಯಲ್ಲದೆ ನಿಲುಗಡೆ, ವಿಮೆ, ತಳದ ಬಣ್ಣ, ಮಳೆಗಾಲದ ಆಶ್ರಯ ಇವು ಪ್ರತಿವರ್ಷದ ಬಾಬತ್ತುಗಳು. ನೋಂದಣಿ, ತಪಾಸಣೆ, ಚಾಲಕನ ಅರ್ಹತೆ ಇತ್ಯಾದಿಗಳನ್ನು ಮುಂಗಡ ಕೊಡುವ ಮೊದಲೇ ಮಹಾರಾಷ್ಟ್ರ ಮೆರಿಟೈಂ ಬೋರ್ಡಿನಲ್ಲಿ ವಿಚಾರಿಸಿಕೊಳ್ಳುವುದು ಜಾಣತನ. ಎರಡು ಅಳತೆಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಒಂದು ಋತು ಬಾಡಿಗೆಯ ದೋಣಿಯಲ್ಲಿ ಸುತ್ತಾಡಿ ನೋಡಿರಿ. ಎಷ್ಟು ಸಲ ಹೋದಿರಿ, ಎಷ್ಟು ಜನ ಹೋದಿರಿ, ಯಾರಿಗೆ ವಾಂತಿಯಾಯಿತು ಎಂಬ ಲೆಕ್ಕವೇ ಉತ್ತರ ಹೇಳುತ್ತದೆ.

ದಡದಲ್ಲಿರುವವರಿಗೆ ಹೋಗುವ ದಾರಿ, ಮರಳುವ ಹೊತ್ತು ತಿಳಿಸಿ ಹೊರಡುವುದು, ವಿ.ಎಚ್.ಎಫ್. ರೇಡಿಯೋದ 16ನೇ ಚಾನೆಲ್ ತೆರೆದಿಡುವುದು, ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಯನ್ನು ಎಲ್ಲರ ಫೋನಿನಲ್ಲೂ ಬರೆದಿಡುವುದು, ಇವಕ್ಕೆ ಖರ್ಚು ಅತ್ಯಲ್ಪ, ಪ್ರಯೋಜನ ಅಪಾರ. ಕರಾವಳಿಯ ನಮ್ಮ ಹಿರಿಯರು ಕಡಲಿಗೆ ಕೈಮುಗಿದೇ ದೋಣಿ ನೂಕುತ್ತಿದ್ದರು. ಆ ವಿನಯವನ್ನು ಉಳಿಸಿಕೊಂಡು, ತಮ್ಮ ಕುಟುಂಬದ ಅಳತೆಗೆ ಒಪ್ಪುವ ದೋಣಿಯನ್ನು ಆರಿಸಿಕೊಂಡವರಿಗೆ ವಾರಾಂತ್ಯದ ಕಡಲು ಬಹುಕಾಲದ ಸಂತೋಷವಾದೀತು.