ಕರಾವಳಿಯ ಹವೆಗೆ ಒಗ್ಗುವ ಕುಬ್ಜ ಮರಗಳು

ಬೆಳೆದ ಮರದ ರೂಪವನ್ನು ಸಣ್ಣ ಕುಂಡದೊಳಗೆ ಪಡೆಯುವ ವಿದ್ಯೆಗೆ ಬೋನ್ಸಾಯಿ ಎಂದು ಹೆಸರು. ಇದು ಚೀನಾದೇಶದಲ್ಲಿ ಹುಟ್ಟಿ ಜಪಾನಿನಲ್ಲಿ ವೃದ್ಧಿಗೆ ಬಂದಿತು. ತಟ್ಟೆಯಲ್ಲಿ ನೆಟ್ಟದ್ದು ಎಂಬುದು ಆ ಜಪಾನೀ ಶಬ್ದದ ಅರ್ಥ. ಹಿತ್ತಿಲಿಲ್ಲದ ಮನೆಯವರೂ ಮಾಳಿಗೆಯ ಮೇಲೆ ಇದನ್ನು ಸಾಧಿಸಬಹುದು. ಆದರೆ ಮಂಗಳೂರು, ಉಡುಪಿ, ಕಾರವಾರಗಳಂತಹ ಕರಾವಳಿಯ ಸ್ಥಳಗಳಲ್ಲಿ ಮೊದಲನೆಯ ಮಳೆಗಾಲದಲ್ಲಿಯೇ ಗಿಡವನ್ನು ಕಳೆದುಕೊಂಡು, ತಮ್ಮ ಕೈಗುಣವೇ ಸರಿಯಿಲ್ಲವೆಂದು ಈ ಕೆಲಸವನ್ನು ಬಿಟ್ಟುಬಿಡುವವರುಂಟು. ಬಹುಮಟ್ಟಿಗೆ ದೋಷವಿರುವುದು ಮರದ ಆಯ್ಕೆಯಲ್ಲಿ.

ಚಿತ್ರಗಳಲ್ಲಿ ಕಂಡು ಹೊಸಬರು ಆಶೆಪಡುವ ಪೈನು, ಜಪಾನೀ ಮೇಪಲು ಮೊದಲಾದವು ಚಳಿದೇಶದ ಮರಗಳು. ಅವುಗಳಿಗೆ ವರ್ಷಕ್ಕೊಮ್ಮೆ ಚಳಿಯ ವಿಶ್ರಾಂತಿ ಬೇಕು. ಕರಾವಳಿಯಲ್ಲಿ ಮಾಗಿಯ ರಾತ್ರಿಯಲ್ಲಿಯೂ ಉಷ್ಣತೆಯು ಸಾಮಾನ್ಯವಾಗಿ ೨೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುವುದು. ಜೂನಿನಿಂದ ಸೆಪ್ಟೆಂಬರಿನವರೆಗೆ ಸುಮಾರು ೩,೦೦೦ ಮಿಲಿಮೀಟರು ಮಳೆ ಸುರಿದು, ಜನವರಿಯಿಂದ ಮಾರ್ಚಿಯವರೆಗೆ ಬಹುತೇಕ ಹನಿಯೂ ಬೀಳುವುದಿಲ್ಲ. ಈ ಎರಡು ಅತಿಗಳನ್ನೂ ತಾಳಬಲ್ಲ ಮರವನ್ನೇ ಆರಿಸತಕ್ಕದ್ದು.

ಇಂತಹವುಗಳಲ್ಲಿ ಮೊದಲನೆಯದು ಸಣ್ಣೆಲೆಯ ಗೋಳಿ. ಇದರ ಶಾಸ್ತ್ರೀಯ ನಾಮವು ಫೈಕಸ್ ಮೈಕ್ರೊಕಾರ್ಪ. ಕೊಂಬೆ ಬೇರುಗಳನ್ನು ಎಷ್ಟು ಕತ್ತರಿಸಿದರೂ ಇದು ಮತ್ತೆ ಚಿಗುರುವುದು. ಹೊಸಬರು ಒಂದೆರಡು ದಿನ ನೀರನ್ನು ಮರೆತರೂ ಕ್ಷಮಿಸುವುದು. ಯಾವ ತೇವದ ಹವೆಯು ಚಳಿದೇಶದ ಮರಕ್ಕೆ ಹಾನಿಕರವೋ ಅದೇ ಹವೆಯಲ್ಲಿ ಗೋಳಿಯು ಬಿಳಲು ಬಿಡುವುದು. ಒಣಪ್ರದೇಶದವರು ಪ್ರಯಾಸದಿಂದ ಪಡೆಯುವ ಈ ಅಂದವು ಕರಾವಳಿಯವರಿಗೆ ಸುಲಭಸಾಧ್ಯ.

ಇದರ ಸಸಿಗೆ ಹಣ ತೆರಬೇಕಾಗಿಲ್ಲ. ಹಳೆಯ ಮುರಕಲ್ಲಿನ ಗೋಡೆ, ಬಾವಿಕಟ್ಟೆಗಳ ಸಂದುಗಳಲ್ಲಿ ಹಕ್ಕಿಗಳು ಹಾಕಿದ ಬೀಜದಿಂದ ಗೋಳಿ, ಆಲ, ಅರಳಿಗಳು ಹುಟ್ಟಿ ಕಟ್ಟಡವನ್ನು ಸೀಳುತ್ತಿರುತ್ತವೆ. ಯಜಮಾನನ ಅನುಮತಿ ಪಡೆದು, ಮಳೆ ಹಿಡಿದ ಬಳಿಕ, ಬೇರು ಹರಿಯದಂತೆ ಕಿತ್ತರೆ ಗೋಡೆಯೂ ಉಳಿಯುವುದು, ಗಿಡವೂ ದೊರೆಯುವುದು. ಬುಡ ದಪ್ಪನಾಗಿರುವ ಸಸಿ ಶ್ರೇಷ್ಠ. ಹೃದಯಾಕಾರದ, ತುದಿ ಬಾಲದಂತೆ ನೀಳವಾದ ಎಲೆಯದು ಅರಳಿ; ಅಗಲವಾದ ದೊಡ್ಡ ಎಲೆಯದು ಆಲ. ಸಣ್ಣ ಕುಂಡಕ್ಕೆ ಇವುಗಳ ಎಲೆ ಹೊಂದದು; ಹೊಸಬರು ಇವನ್ನು ಬಿಡುವುದು ಲೇಸು.

ಎರಡನೆಯದು ಹುಣಸೆ. ಬೀಜದಿಂದ ಸುಲಭವಾಗಿ ಹುಟ್ಟುವುದು. ಎಲೆಯು ಸಹಜವಾಗಿಯೇ ಸಣ್ಣದಾದ್ದರಿಂದ ಎಳೆಯ ಗಿಡವೂ ಮುದಿಮರದಂತೆ ತೋರುವುದು. ಕಾಂಡ ದಪ್ಪವಾಗಲು ಕೆಲವು ವರ್ಷಗಳು ಬೇಕು. ಮೂರನೆಯದು ಕಾಗದದ ಹೂವು, ಅಂದರೆ ಬೋಗನ್‌ವಿಲ್ಲ. ದಪ್ಪ ಕಡ್ಡಿಯನ್ನು ನೆಟ್ಟರೂ ಬೇರು ಬಿಡುವುದು. ಬೇಸಗೆಯಲ್ಲಿ ನೀರನ್ನು ಹಿಡಿತದಲ್ಲಿಟ್ಟರೆ ಹೂ ತುಂಬುವುದು. ಇವೆರಡಕ್ಕೂ ಪೂರ್ಣ ಬಿಸಿಲು ಬೇಕು. ನಿಂತ ನೀರು ಮಾತ್ರ ಸಲ್ಲದು. ಆದಕಾರಣ ಜಡಿಮಳೆಯ ದಿನಗಳಲ್ಲಿ ಇವುಗಳನ್ನು ಬೆಳಕಿರುವ ಸೂರಿನಡಿಗೆ ಸರಿಸತಕ್ಕದ್ದು.

ಮಣ್ಣಿನ ವಿಷಯದಲ್ಲಿ ಎಚ್ಚರಿಕೆ ಅವಶ್ಯ. ಬರಿಯ ತೋಟದ ಮಣ್ಣು ಮಳೆಗಾಲದಲ್ಲಿ ಕೆಸರಾಗಿ ಬೇರನ್ನು ಕೊಳೆಯಿಸುವುದು. ಮುರಕಲ್ಲಿನ ಅಥವಾ ಇಟ್ಟಿಗೆಯ ಹರಳು ಎರಡು ಪಾಲು, ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು ಬೆರೆಸಬೇಕು. ಹರಳುಗಳ ಧೂಳನ್ನು ಜರಡಿ ಹಿಡಿದು ತೆಗೆಯಬೇಕು. ಕುಂಡದ ತಳದಲ್ಲಿ ದೊಡ್ಡ ರಂಧ್ರಗಳಿರಬೇಕು. ಎರೆದ ನೀರು ಕೂಡಲೇ ಕೆಳಗಿಳಿಯದಿದ್ದರೆ ಆ ಮಿಶ್ರಣವು ನಿರುಪಯುಕ್ತ. ಬೇಸಗೆಯಲ್ಲಿ ಬೆಳಗ್ಗೆ, ಸಂಜೆ ಮಣ್ಣನ್ನು ಮುಟ್ಟಿನೋಡಿ ನೀರೆರೆಯತಕ್ಕದ್ದು.

ಕೊಂಬೆಯನ್ನು ಬಾಗಿಸಲು ತಂತಿ ಸುತ್ತಿದವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದನ್ನು ಪರೀಕ್ಷಿಸಬೇಕು. ಆಗ ಬೆಳವಣಿಗೆ ತೀವ್ರವಾದ್ದರಿಂದ ತಂತಿಯು ತೊಗಟೆಯೊಳಗೆ ಇಳಿದು ಉಳಿಸುವ ಕಲೆಯು ಬಹುಕಾಲ ಮಾಸದು.

ಮೊದಲ ವರ್ಷ ಗಿಡವನ್ನು ಅಗಲವಾದ ಸಾಧಾರಣ ಕುಂಡದಲ್ಲಿಟ್ಟು ಬಲಪಡಿಸಿ, ಬಳಿಕ ತಟ್ಟೆಗೆ ಇಳಿಸುವುದು ಕ್ಷೇಮ. ಒಂದೇ ಗೋಳಿಯ ಸಸಿಯಿಂದ ಪ್ರಾರಂಭಿಸಿ, ಅದನ್ನು ಒಂದು ಮಳೆಗಾಲ, ಒಂದು ಬೇಸಗೆ ದಾಟಿಸಿದವರು ಅನಂತರ ಹುಣಸೆಗೂ ಕಾಗದದ ಹೂವಿಗೂ ಧೈರ್ಯವಾಗಿ ಕೈಹಾಕಬಹುದು.